ಹಳೇ ಓಮ್ನಿಯಲ್ಲಿ ಪೆಟ್ರೋಲ್ ವಾಸನೆ: ‘ಎಲ್ಲಿಂದ’ ಅನ್ನುವ ಮೊದಲು ‘ಯಾವಾಗ’ ಅನ್ನಿ

ಹಳೇ ಓಮ್ನಿ ತಂದು ನಿಲ್ಲಿಸಿ ‘ಒಳಗೆಲ್ಲಾ ಪೆಟ್ರೋಲ್ ವಾಸನಿ ಹೊಡೀತತಿ’ ಅಂದಾಗ ಗ್ಯಾರೇಜುಗಳಲ್ಲಿ ಎರಡು ಥರದ ಕೆಲಸ ಶುರುವಾಗುವುದನ್ನು ನೋಡಬಹುದು. ಒಂದು ಕಡೆ ಕೇಳಿದ ಕೂಡಲೇ ಕಾರ್ಬೊರೇಟರ್ ಬಿಚ್ಚುತ್ತಾರೆ. ಕಿಟ್ ಹಾಕುತ್ತಾರೆ, ವಾಸನೆ ಹೋಗುವುದಿಲ್ಲ. ಪಂಪ್ ಬದಲಿಸುತ್ತಾರೆ, ಹೋಗುವುದಿಲ್ಲ. ಮೂರನೇ ಬಿಲ್ಲಿನ ಹೊತ್ತಿಗೆ ಮಾಲೀಕರಿಗೆ ವಾಸನೆಯೇ ಅಭ್ಯಾಸವಾಗಿರುತ್ತದೆ. ಇನ್ನೊಂದು ಕಡೆ ಮೇಸ್ತ್ರಿ ಪಾನಾ ಮುಟ್ಟದೆ ಮೊದಲು ಕೇಳುತ್ತಾನೆ: ‘ಯಾವಾಗ ಬರ್ತತಿ ಅಣ್ಣಾ? ಟ್ಯಾಂಕ್ ತುಂಬಿಸಿದಾಗೋ, ಓಡಿಸುವಾಗೋ, ನಿಲ್ಲಿಸಿದ ಮೇಲೋ?’

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ. ಟ್ಯಾಂಕಿನಿಂದ ಎಂಜಿನ್‌ವರೆಗಿನ ದಾರಿಯಲ್ಲಿ ಎಲ್ಲ ಭಾಗಗಳಿಗೂ ಎಲ್ಲ ಹೊತ್ತಿನಲ್ಲೂ ಪೆಟ್ರೋಲ್ ತಾಗುವುದಿಲ್ಲ. ಕೆಲವಕ್ಕೆ ಟ್ಯಾಂಕ್ ತುಂಬಿದಾಗ ಮಾತ್ರ, ಕೆಲವಕ್ಕೆ ಎಂಜಿನ್ ತಿರುಗುವಾಗ ಮಾತ್ರ, ಇನ್ನು ಕೆಲವಕ್ಕೆ ಎಂಜಿನ್ ನಿಂತು ಕಾವು ಮೇಲೇರಿದಾಗ ಮಾತ್ರ ತೊಂದರೆ. ವಾಸನೆಯ ಹೊತ್ತು ಗೊತ್ತಾದರೆ ಹುಡುಕುವ ಜಾಗ ಒಂದು ಗೇಣಿನಷ್ಟಕ್ಕೆ ಇಳಿಯುತ್ತದೆ.

ದಾವಣಗೆರೆ, ಹರಿಹರದ ಕಡೆ ಹಳೇ ವ್ಯಾನ್ ಅಂದರೆ ಬಹುಪಾಲು ಓಮ್ನಿಯೇ. ಮಂಡಿಪೇಟೆಯ ಸರಕು, ಮಂಡಕ್ಕಿ ಚೀಲ, ಮದುವೆ ಮನೆಯ ಪಾತ್ರೆ, ಶಾಲೆ ಮಕ್ಕಳು, ಎಲ್ಲಕ್ಕೂ ಅದೇ. 1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಲ್ಲಿ ಬಂದು, ಮುಂದೆ ಓಮ್ನಿ ಆಗಿ, 2019ರಲ್ಲಿ ತಯಾರಿಕೆ ನಿಂತ ಗಾಡಿ ಇದು. ಕೆಎ-17 ನಂಬರಿನ ಹಳೇ ಓಮ್ನಿಗಳು ಹದಿನೈದು ವರ್ಷದ ಆರ್‌ಸಿ ಮುಗಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಂಡು ಇನ್ನೂ ಓಡುತ್ತಿವೆ. ಕಾನೂನಿನ ಲೆಕ್ಕದಲ್ಲಿ ಇವು ‘ವಿಂಟೇಜ್’ ಅಲ್ಲ. 2021ರ ನಿಯಮದ ಪ್ರಕಾರ ಆ ಪಟ್ಟಕ್ಕೆ ಐವತ್ತು ವರ್ಷ ತುಂಬಬೇಕು, ಅಂದರೆ ಮೊಟ್ಟಮೊದಲ ಮಾರುತಿ ವ್ಯಾನಿಗೂ 2034ರವರೆಗೆ ಕಾಯಬೇಕು. ಆದರೆ ರಬ್ಬರ್ ಪೈಪಿಗೆ ಈ ಲೆಕ್ಕ ಗೊತ್ತಿಲ್ಲ. ಅದು ಐವತ್ತರವರೆಗೆ ಕಾಯುವುದಿಲ್ಲ.

ಓಮ್ನಿಯಲ್ಲಿ ವಾಸನೆ ಒಳಗೇ ಬರುವುದಕ್ಕೆ ಅದರ ಕಟ್ಟಡವೇ ಕಾರಣ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೂತಿರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಮಾರುತಿ 800ರಲ್ಲಿ ಇದೇ ಎಂಜಿನ್ ಬಾನೆಟ್ ಕೆಳಗಿದೆ, ಒಂದು ಹನಿ ಸೋರಿದರೆ ಆವಿ ಗಾಳಿಗೆ ಹೋಗುತ್ತದೆ. ಓಮ್ನಿಯಲ್ಲಿ ಎಂಜಿನ್ನಿಗೂ ನಿಮಗೂ ನಡುವೆ ಇರುವುದು ಒಂದು ತಗಡಿನ ಮುಚ್ಚಳ, ಅದರ ಅಂಚಿಗೆ ಬೀಡಿಂಗ್, ಮೇಲೆ ಸೀಟಿನ ಸ್ಪಂಜು. ಇಪ್ಪತ್ತು ವರ್ಷದ ಗಾಡಿಯಲ್ಲಿ ಆ ಬೀಡಿಂಗ್ ಒಣಗಿ ಉದುರಿರುತ್ತದೆ, ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಎರಡಿರುತ್ತವೆ, ಗೇರ್ ಲಿವರ್ ಬುಡದ ರಬ್ಬರ್ ಹರಿದಿರುತ್ತದೆ. ಹಾಗೆಂದು ಮೊದಲು ಈ ಸಂದುಗಳನ್ನು ಮುಚ್ಚಲು ಹೋಗಬೇಡಿ. ಸೋರಿಕೆ ಹಾಗೇ ಬಿಟ್ಟು ಸಂದು ಮುಚ್ಚಿದರೆ ಎಚ್ಚರಿಸುವ ಒಂದೇ ಒಂದು ಗುರುತನ್ನೂ ಮುಚ್ಚಿದಂತೆ. ಮೊದಲು ಸೋರಿಕೆ, ಆಮೇಲೆ ಬೀಡಿಂಗ್.

ಹುಡುಕಲು ಕೂರುವ ಮುನ್ನ ಒಂದು ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ಗಾಡಿಯ ನೆಲದಲ್ಲಿ, ಶೆಡ್ಡಿನ ಮೂಲೆಯಲ್ಲಿ, ಸರ್ವಿಸ್ ಗುಂಡಿಯಲ್ಲಿ ತಂಗುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಬೆರೆತರೂ ಕಿಡಿಗೆ ಕಾಯುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ 150 ಲೀಟರಿಗೂ ಹೆಚ್ಚು ಆವಿ. ನಮ್ಮ ಡ್ರೈವರುಗಳು ಬೆಳಗ್ಗೆ ಗಾಡಿ ತೆಗೆಯುವಾಗ ಮಾಡುವ ಮೊದಲ ಕೆಲಸ ಡ್ಯಾಶ್‌ಬೋರ್ಡ್ ಮೇಲಿನ ದೇವರಿಗೆ ಊದುಬತ್ತಿ ಹಚ್ಚುವುದು. ಕೆಲವರು ಕರ್ಪೂರವನ್ನೂ ಬೆಳಗುತ್ತಾರೆ. ರಾತ್ರಿಯಿಡೀ ಗಾಜು ಏರಿಸಿ ನಿಲ್ಲಿಸಿದ, ಸೀಟಿನಡಿ ತೊಟ್ಟಿಕ್ಕುತ್ತಿರುವ ಗಾಡಿಯಲ್ಲಿ ಕಡ್ಡಿ ಗೀರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೈ ಮುಗಿಯಲು ಬೆಂಕಿ ಬೇಕಿಲ್ಲ. ಎರಡೂ ಕಡೆಯ ಸ್ಲೈಡಿಂಗ್ ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಡಿ, ಮೂಗಿಗೆ ಏನೂ ಇಲ್ಲವೆಂದರೆ ಮಾತ್ರ ಕೀಲಿ ತಿರುವಿ.

ಪರೀಕ್ಷೆಗೆ ಬಯಲು ಜಾಗ, ತಣ್ಣಗಿನ ಎಂಜಿನ್, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದ ಸ್ಥಿತಿ, ಕೈಯಲ್ಲಿ ಎಲ್‌ಇಡಿ ಟಾರ್ಚ್. ಹಳೇ ಕಾಲದ ವೈರ್ ಬಲ್ಬ್ ಬೇಡ. ಕೈಜಾರಿ ಬಿದ್ದು ಒಡೆದರೆ ಅದೇ ಕಿಡಿ. ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹೊಯ್ದರೆ ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಇನ್ನಷ್ಟು ಹರಡುತ್ತದೆ.

ಈಗ ಹೊತ್ತಿನ ವಿಚಾರ. ಟ್ಯಾಂಕ್ ಫುಲ್ ಮಾಡಿಸಿದ ದಿನ ವಾಸನೆ, ಮುಳ್ಳು ಮುಕ್ಕಾಲಿಗೆ ಇಳಿದ ಮೇಲೆ ಮಾಯ ಎಂದಾದರೆ ಎಂಜಿನ್ ಕಡೆ ನೋಡಲೇಬೇಡಿ. ತೊಂದರೆ ಟ್ಯಾಂಕಿನ ಮೇಲ್ಭಾಗದಲ್ಲಿದೆ. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಸೇರುವ ದಪ್ಪ ರಬ್ಬರ್ ಪೈಪು, ಅದರ ಪಕ್ಕದ ಸಣ್ಣ ಗಾಳಿ ಪೈಪು, ಮುಚ್ಚಳದ ವಾಷರ್, ಮೀಟರಿಗೆ ಮಟ್ಟ ತಿಳಿಸುವ ಫ್ಲೋಟ್ ಯೂನಿಟ್ಟಿನ ಗ್ಯಾಸ್ಕೆಟ್, ಇವಕ್ಕೆ ಪೆಟ್ರೋಲ್ ತಾಗುವುದೇ ಟ್ಯಾಂಕ್ ತುಂಬಿದಾಗ. ದಪ್ಪ ಪೈಪನ್ನು ಬೆರಳಿನಿಂದ ಬಾಗಿಸಿ ನೋಡಿ, ಹೊರಮೈಯಲ್ಲಿ ಸಣ್ಣ ಸಣ್ಣ ಬಿರುಕು ಬಾಯಿಬಿಟ್ಟರೆ ಅದರ ಆಯುಷ್ಯ ಮುಗಿದಿದೆ. ತಿರುವಿನಲ್ಲಿ ಮಾತ್ರ ವಾಸನೆ ಬರುವುದೂ ಇದೇ ಗುಂಪಿನ ರೋಗ. ಟ್ಯಾಂಕಿನ ಮೇಲೆ ಕೂತ ಕೆಸರು ಮಣ್ಣು ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಂಡು ತಗಡನ್ನು ಮೇಲಿನಿಂದಲೇ ತಿನ್ನುತ್ತದೆ. ಕೆಳಗಿನಿಂದ ನೋಡಿದರೆ ಟ್ಯಾಂಕ್ ಚೆನ್ನಾಗಿಯೇ ಕಾಣುತ್ತದೆ.

ಇದರಲ್ಲಿ ಸ್ವಲ್ಪ ತಪ್ಪು ನಮ್ಮದೂ ಇದೆ. ಬಂಕಿನಲ್ಲಿ ಆಟೊ ಕಟ್ ಆದ ಮೇಲೂ ‘ರೌಂಡ್ ಫಿಗರ್ ಮಾಡು’ ಎಂದು ಕುತ್ತಿಗೆಯವರೆಗೆ ಹಾಕಿಸುತ್ತೇವೆ. ನೆಲದಡಿಯ ಟ್ಯಾಂಕಿನಿಂದ ಬರುವ ಪೆಟ್ರೋಲ್ ತಂಪಾಗಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ, ಕಾವು 15 ಡಿಗ್ರಿ ಏರಿದರೂ ಸಾಕು, 35 ಲೀಟರ್ ಪೆಟ್ರೋಲ್ ಸುಮಾರು ಅರ್ಧ ಲೀಟರ್‌ನಷ್ಟು ಹಿಗ್ಗುತ್ತದೆ. ಹಿಗ್ಗಲು ಬಿಟ್ಟ ಜಾಗವನ್ನು ನಾವೇ ತುಂಬಿಸಿರುತ್ತೇವೆ. ಆಗ ಅದು ಮುಚ್ಚಳದ ಅಂಚಿನಲ್ಲಿ ಜಿನುಗುತ್ತದೆ, ಇಲ್ಲವೇ ಆವಿ ಹೀರಲೆಂದು ಇಟ್ಟ ಇದ್ದಿಲ ಡಬ್ಬಿಗೆ ದ್ರವವಾಗಿಯೇ ನುಗ್ಗಿ ಅದನ್ನು ಕೆಡಿಸುತ್ತದೆ. ಹೀಗೆ ಒದ್ದೆಯಾದ ಕ್ಯಾನಿಸ್ಟರ್ ಎಷ್ಟೋ ದಿನ ವಾಸನೆ ಬಿಡುತ್ತಲೇ ಇರುತ್ತದೆ, ಎಲ್ಲೂ ಹನಿ ಮಾತ್ರ ಕಾಣುವುದಿಲ್ಲ. ಆಟೊ ಕಟ್‌ಗೆ ನಿಲ್ಲಿಸಿ ನಾಲ್ಕು ಸಲ ಹಾಕಿಸಿ ನೋಡಿ. ಅಷ್ಟಕ್ಕೇ ವಾಸನೆ ಹೋದರೆ ಖರ್ಚು ಸೊನ್ನೆ.

ಓಡುವಾಗ ಮಾತ್ರ ವಾಸನೆ ಎಂದರೆ ನೋಡಬೇಕಾದ್ದು ಪಂಪು ಮತ್ತು ಅದರ ಪೈಪುಗಳು. ಕಾರ್ಬೊರೇಟರ್ ಓಮ್ನಿಯ ಪೆಟ್ರೋಲ್ ಪಂಪನ್ನು ಹಳಬರು ಎಸಿ ಪಂಪ್ ಎನ್ನುತ್ತಾರೆ. ಎಂಜಿನ್ನಿನ ಕ್ಯಾಮ್ ಒಂದು ತೋಳನ್ನು ಕುಟ್ಟುತ್ತದೆ, ತೋಳು ಒಳಗಿನ ರಬ್ಬರ್ ಡಯಾಫ್ರಮ್ಮನ್ನು ಎಳೆದು ಬಿಡುತ್ತದೆ, ಪೆಟ್ರೋಲ್ ಮೇಲೇರುತ್ತದೆ. ಪಂಪಿಗೆ ಮೂರು ಪೈಪು: ಟ್ಯಾಂಕಿನಿಂದ ಬರುವುದು, ಕಾರ್ಬೊರೇಟರಿಗೆ ಹೋಗುವುದು, ಹೆಚ್ಚಾದದ್ದನ್ನು ಟ್ಯಾಂಕಿಗೆ ವಾಪಸ್ ಒಯ್ಯುವುದು. ಬರುವ ಪೈಪಿನಲ್ಲಿ ಎಂಜಿನ್ ಓಡುವಾಗ ಇರುವುದು ಎಳೆತ. ಅಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ, ಗಾಡಿ ಏರಿನಲ್ಲಿ ಜಗ್ಗುತ್ತದೆ. ಹೋಗುವ ಪೈಪಿನಲ್ಲಿ ಒತ್ತಡವಿದೆ, ಅಲ್ಲಿ ಬಿರುಕಿದ್ದರೆ ಜಿನುಗುತ್ತದೆ. ವಾಪಸ್ ಪೈಪನ್ನು ಯಾರೂ ನೋಡುವುದೇ ಇಲ್ಲ. ಕ್ಲಿಪ್ ಇಲ್ಲದೆ ಬರೀ ಸಿಕ್ಕಿಸಿಟ್ಟ ವಾಪಸ್ ಪೈಪು ಹಳೇ ಓಮ್ನಿಗಳಲ್ಲಿ ಸಾಮಾನ್ಯ ದೃಶ್ಯ.

ಡಯಾಫ್ರಮ್ ಹರಿದರೆ ಆಗುವುದು ಇನ್ನೊಂದು ಬಗೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪಂಪಿನ ಮೈಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಣ್ಣ ತೂತೊಂದು ಇರುತ್ತದೆ. ಡಯಾಫ್ರಮ್ ಸೋತಿದೆ ಎಂದು ತಿಳಿಸಲಿಕ್ಕೆಂದೇ ಬಿಟ್ಟದ್ದು. ಅಲ್ಲಿ ಒದ್ದೆ ಕಂಡರೆ ಬೇರೆ ಪರೀಕ್ಷೆ ಬೇಡ, ಪಂಪ್ ಬದಲಿಸಿ. ಕೆಲವರು ‘ತೂತು ಸೋರ್ತತಿ’ ಎಂದು ಅದಕ್ಕೆ ಎಂಸೀಲ್ ಮೆತ್ತುತ್ತಾರೆ. ಆಗ ಪೆಟ್ರೋಲಿಗೆ ಉಳಿಯುವುದು ಒಂದೇ ದಾರಿ, ಎಂಜಿನ್ ಆಯಿಲ್ಲಿನೊಳಗೆ. ಮೆತ್ತದಿದ್ದರೂ ಆ ತೂತು ಕೆಸರು ಕಟ್ಟಿಕೊಂಡಿದ್ದರೆ ಆಗುವುದು ಇದೇ. ಹೊರಗೆ ಒಂದು ಹನಿ ಕಾಣುವುದಿಲ್ಲ, ಮೈಲೇಜ್ ಮಾತ್ರ ಬೀಳುತ್ತದೆ. ಹಿಡಿಯುವ ಉಪಾಯ ಸುಲಭ: ಬೆಳಗ್ಗೆ ಗಾಡಿ ಸಮತಟ್ಟು ಜಾಗದಲ್ಲಿದ್ದಾಗ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಕದೆಯೇ ಮಟ್ಟ ಮೇಲೇರಿದ್ದರೆ, ಕಡ್ಡಿಯಿಂದ ಆಯಿಲ್ ನೀರಿನಂತೆ ತೆಳ್ಳಗೆ ಇಳಿದರೆ, ಮೂಗಿಗೆ ಹಿಡಿದಾಗ ಪೆಟ್ರೋಲ್ ಹೊಡೆದರೆ, ಆ ಎಂಜಿನ್ನನ್ನು ಸ್ಟಾರ್ಟ್ ಮಾಡಬೇಡಿ. ಆಯಿಲ್ ತೆಳ್ಳಗಾಗಿ ಬೇರಿಂಗ್ ಸವೆಯುವುದು ಒಂದು, ಕ್ರ್ಯಾಂಕ್ ಕೇಸಿನಲ್ಲಿ ಪೆಟ್ರೋಲ್ ಆವಿ ತುಂಬಿಕೊಳ್ಳುವುದು ಇನ್ನೊಂದು. ಪಂಪ್ ಹೊಸದು ಹಾಕಿ, ಆಯಿಲ್ಲೂ ಫಿಲ್ಟರೂ ಬದಲಿಸಿಯೇ ಕೀಲಿ ತಿರುವಬೇಕು.

ಮೂರನೆಯದು, ನಿಲ್ಲಿಸಿದ ಮೇಲಿನ ವಾಸನೆ. ದಾವಣಗೆರೆಯಿಂದ ಹೊರಟು ದೊಡ್ಡಬಾತಿ ದಾಟಿ ಹರಿಹರ ಮುಟ್ಟುವವರೆಗೆ ಏನೂ ಇಲ್ಲ. ದೇವಸ್ಥಾನದ ಹತ್ತಿರ ನಿಲ್ಲಿಸಿ, ದರ್ಶನ ಮುಗಿಸಿ, ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆದರೆ ಘಾಟು. ಎಂಜಿನ್ ಓಡುವಾಗ ಗಾಳಿ, ನೀರು ಎರಡೂ ಕಾವು ಒಯ್ಯುತ್ತಿರುತ್ತವೆ. ನಿಂತ ಕೂಡಲೇ ಎರಡೂ ನಿಲ್ಲುತ್ತವೆ, ಕಾದ ಕಬ್ಬಿಣದ ಬಿಸಿಯೆಲ್ಲ ಮೇಲೇರಿ ಕಾರ್ಬೊರೇಟರಿಗೆ ತಗಲುತ್ತದೆ. ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಬಿಸಿಯಾಗಿ ಆವಿಯಾಗುತ್ತದೆ. ಬೇಸಿಗೆಯಲ್ಲಿ ಇಷ್ಟು ವಾಸನೆ ಯಾವ ಕಾರ್ಬೊರೇಟರ್ ಗಾಡಿಗೂ ಸ್ವಲ್ಪಮಟ್ಟಿಗೆ ಸಹಜ. ಮತ್ತೆ ಸ್ಟಾರ್ಟ್ ಮಾಡುವಾಗ ತಡವರಿಸಿ, ಕಪ್ಪು ಹೊಗೆ ಬಿಟ್ಟು, ಪ್ಲಗ್ ಬಿಚ್ಚಿದರೆ ಒದ್ದೆಯಿದ್ದರೆ ಮಾತ್ರ ಅದು ಸಹಜವಲ್ಲ, ನೀಡಲ್ ವಾಲ್ವ್ ಕೂರುತ್ತಿಲ್ಲ.

ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದಂತೆಯೇ ಇದು: ಪೆಟ್ರೋಲ್ ಏರಿದಂತೆ ಫ್ಲೋಟ್ ಏರುತ್ತದೆ, ಫ್ಲೋಟ್ ನೀಡಲನ್ನು ಒತ್ತಿ ದಾರಿ ಮುಚ್ಚುತ್ತದೆ. ನೀಡಲಿನ ತುದಿ ಸವೆದರೆ, ಒಂದು ಕಣ ತುಕ್ಕು ಸಿಕ್ಕಿಕೊಂಡರೆ, ಫ್ಲೋಟಿನೊಳಗೇ ಪೆಟ್ರೋಲ್ ತುಂಬಿ ಅದು ಮುಳುಗಿದರೆ, ಮಟ್ಟ ಮೀರಿ ಕಾರ್ಬೊರೇಟರಿನ ಗಂಟಲಿಗೆ ಸುರಿಯುತ್ತದೆ. ನೋಡುವ ಬಗೆ ಹೀಗೆ (ಇದೊಂದಕ್ಕೆ ಮಾತ್ರ ಬ್ಯಾಟರಿ ವೈರ್ ಮತ್ತೆ ಜೋಡಿಸಬೇಕು): ಸೀಟೆತ್ತಿ, ಏರ್ ಕ್ಲೀನರ್ ಕಡೆಯ ಪೈಪ್ ಬಿಚ್ಚಿ, ಎಂಜಿನ್ ನಿಧಾನಕ್ಕೆ ಓಡುವಾಗ ದೂರದಿಂದಲೇ ಟಾರ್ಚ್ ಬಿಟ್ಟು ಗಂಟಲು ನೋಡಿ. ಐಡ್ಲಿಂಗಿನಲ್ಲಿ ನಡುವಿನ ದೊಡ್ಡ ನಳಿಕೆಯಿಂದ ಹನಿ ಬೀಳಕೂಡದು. ಬಿದ್ದರೆ ಮಟ್ಟ ಹೆಚ್ಚಾಗಿದೆ. ಬಟ್ಟಲಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆತ್ತಗೆ ತಟ್ಟಿದಾಗ ಹನಿ ನಿಂತರೆ ಕಸ ಸಿಕ್ಕಿದೆ ಎಂದೇ ಅರ್ಥ. ಫ್ಲೋಟನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕಿದರೆ ಅದು ತೂತಾಗಿದೆ. ಕಸವೇ ಆಗಿದ್ದರೆ ನೀಡಲ್ ಬದಲಿಸಿ ಸುಮ್ಮನಾಗುವಂತಿಲ್ಲ. ಪೈಪಿನ ನಡುವಿನ ಫಿಲ್ಟರ್ ನೋಡಿ, ತಳದಲ್ಲಿ ಕೆಂಪು ಪುಡಿ ಇದ್ದರೆ ತುಕ್ಕು ಬರುತ್ತಿರುವುದು ಟ್ಯಾಂಕಿನಿಂದ. ಟ್ಯಾಂಕ್ ಇಳಿಸಿ ತೊಳೆಯುವವರೆಗೆ ಹೊಸ ನೀಡಲೂ ಹಳೇ ಹಾದಿಯನ್ನೇ ಹಿಡಿಯುತ್ತದೆ.

ಹೊತ್ತುಗೊತ್ತಿಲ್ಲದೆ ಸದಾ ವಾಸನೆ ಇದ್ದು, ಟ್ಯಾಂಕ್ ಅರ್ಧಕ್ಕಿಳಿದರೂ ನಿಲ್ಲದಿದ್ದರೆ ಟ್ಯಾಂಕಿನ ತಳದ ಜೋಡಣೆ, ಅದರಿಂದ ಹೊರಡುವ ಲೋಹದ ಪೈಪು, ಆ ಪೈಪು ಚಾಸಿಗೆ ಉಜ್ಜುವ ಕ್ಲಿಪ್ಪಿನ ಜಾಗ, ಇವನ್ನು ನೋಡಬೇಕು. ಪೆಟ್ರೋಲ್ ಬೇಗ ಆರುವುದರಿಂದ ನೆಲದ ಮೇಲೆ ಕಲೆ ಹುಡುಕಿ ಪ್ರಯೋಜನವಿಲ್ಲ. ನಮ್ಮ ಊರಿನ ಧೂಳು ಇಲ್ಲಿ ಉಪಕಾರಕ್ಕೆ ಬರುತ್ತದೆ. ಗಾಡಿಯ ಕೆಳಮೈ ಪೂರ್ತಿ ಮಾಸಲು ಧೂಳು ಹಿಡಿದಿರುವಾಗ, ಒಂದು ಕಡೆ ಮಾತ್ರ ತೊಳೆದಂತೆ ಬರಿ ತಗಡು ಕಾಣುತ್ತಿದ್ದರೆ, ಅಥವಾ ಅಂಚಿನಲ್ಲಿ ಕಂದು ಬಣ್ಣದ ಅಂಟು ಕಟ್ಟಿದ್ದರೆ ಅಲ್ಲಿಂದ ಪೆಟ್ರೋಲ್ ಇಳಿದಿದೆ. ಅದರ ಗೆರೆ ಹಿಡಿದು ಮೇಲಕ್ಕೆ ಹೋಗಿ, ಹನಿ ಬೀಳುವ ಜಾಗವೂ ಸೋರುವ ಜಾಗವೂ ಒಂದೇ ಆಗಿರಬೇಕೆಂದಿಲ್ಲ. ಅನುಮಾನದ ಜೋಡಣೆಯನ್ನು ಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ ಬಿಡಿ. ಕಣ್ಣಿಗೆ ಕಾಣದಷ್ಟು ಜಿನುಗಿದರೂ ಬಿಳಿ ಬಣ್ಣ ಕಪ್ಪಾಗಿ ತಿರುಗುತ್ತದೆ. ಈ ಕಾರಣಕ್ಕೇ ಪರೀಕ್ಷೆಗೆ ಬರುವ ಮುನ್ನ ವಾಟರ್ ಸರ್ವಿಸ್ ಮಾಡಿಸಬಾರದು, ಸಾಕ್ಷಿಯೆಲ್ಲ ತೊಳೆದುಹೋಗುತ್ತದೆ.

ಎಂಪಿಐ ಓಮ್ನಿ, ಅಂದರೆ ಇಂಜೆಕ್ಷನ್ ಗಾಡಿಯಾದರೆ ಲೆಕ್ಕ ಬೇರೆ. ಪಂಪು ಕರೆಂಟಿನದು, ಟ್ಯಾಂಕಿನೊಳಗೇ ಇರುತ್ತದೆ, ಒತ್ತಡ ಹಳೇ ಪಂಪಿನ ಹತ್ತು ಪಟ್ಟಿನ ಆಸುಪಾಸು. ಸೋರಿದರೆ ಹನಿಯಾಗಿ ಬೀಳದೆ ಮಂಜಿನಂತೆ ಚಿಮ್ಮುತ್ತದೆ. ಕೀಲಿ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಹಾಗಾಗಿ ಅದನ್ನು ಇಳಿಸದೆ ಜೋಡಣೆ ಬಿಚ್ಚಬಾರದು. ಇಂಥ ಗಾಡಿಗೆ ಕಾರ್ಬೊರೇಟರಿನ ಪೈಪು ಹಾಕಿದರೆ ಕೆಲವೇ ದಿನಕ್ಕೆ ಉಬ್ಬುತ್ತದೆ. ಪೈಪಿನ ಮೈಮೇಲೆ ಮುದ್ರಿಸಿದ ಗುರುತು ಓದಿ: ಎಸ್‌ಎಇ ಜೆ30 ಆರ್6, ಆರ್7 ಎಂದಿದ್ದರೆ ಕಾರ್ಬೊರೇಟರಿಗೆ, ಆರ್9 ಎಂದಿದ್ದರೆ ಇಂಜೆಕ್ಷನ್ನಿಗೆ. ಏನೂ ಮುದ್ರಿಸದ ಪೈಪು ಯಾವುದಕ್ಕೂ ಬೇಡ.

ಹತ್ತಾರು ವರ್ಷ ಸುಮ್ಮನಿದ್ದ ರಬ್ಬರ್ ಈಗೀಗ ಒಮ್ಮೆಲೇ ಮೆತ್ತಗಾಗುವುದಕ್ಕೆ ಎಥನಾಲ್ ಕಾರಣವೇ ಎಂದು ಎಲ್ಲರೂ ಕೇಳುತ್ತಾರೆ. ಭಾಗಶಃ ಹೌದು. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ನಮ್ಮ ಜಿಲ್ಲೆಯ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲೂ ಎಥನಾಲ್ ಘಟಕವಿದೆ. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತನಿಗೆ ಒಳ್ಳೆಯದೇ. ಆದರೆ ಎಂಬತ್ತು, ತೊಂಬತ್ತರ ದಶಕದ ಪೈಪು, ಓ-ರಿಂಗ್, ಡಯಾಫ್ರಮ್ ಇವನ್ನು ಮಾಡಿದ್ದು ಎಥನಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲ. ಹಳೇ ರಬ್ಬರ್ ಅದರಲ್ಲಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಎಥನಾಲಿಗೆ ನೀರು ಹೀರುವ ಗುಣವೂ ಇದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು, ಎಥನಾಲ್ ಬೇರ್ಪಟ್ಟು ತಳಕ್ಕಿಳಿದು ತಗಡಿಗೆ ತುಕ್ಕು ಹಿಡಿಸುತ್ತವೆ. ಹಾಗಾಗಿ ಒಂದು ಪೈಪ್ ಸೋರಿದರೆ ಅದೊಂದನ್ನೇ ಬದಲಿಸಬೇಡಿ. ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ರಬ್ಬರನ್ನೆಲ್ಲ ಒಂದೇ ಸಲ ಎಥನಾಲಿಗೆ ತಡೆಯುವಂಥದ್ದಕ್ಕೆ ಬದಲಿಸಿ. ಜೊತೆಗಿದ್ದ ಉಳಿದ ಪೈಪುಗಳ ವಯಸ್ಸೂ ಅಷ್ಟೇ ಅಲ್ಲವೇ.

ಇಲ್ಲಿಯವರೆಗೆ ಪೆಟ್ರೋಲಿನ ಮಾತು. ನಮ್ಮ ಕಡೆಯ ಓಮ್ನಿಗಳಲ್ಲಿ ಅನೇಕವಕ್ಕೆ ಗ್ಯಾಸ್ ಕಿಟ್ ಇದೆ, ವಾಸನೆ ಎಂದಾಗ ಯಾವುದರದ್ದು ಎಂಬುದೇ ಮೊದಲು ತೀರ್ಮಾನವಾಗಬೇಕು. ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ. ಸೋರಿದ್ದು ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ನಾತದ ದ್ರವ್ಯ ಬೆರೆಸುತ್ತಾರೆ. ಅಡುಗೆಮನೆಯಲ್ಲಿ ಪರಿಚಯವಿರುವ ಕೊಳೆತ ಕೋಸಿನ ವಾಸನೆ ಅದು. ಪೆಟ್ರೋಲಿನದು ಸಿಹಿಘಾಟು, ಕೈಗೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ಗ್ಯಾಸಿನದು ಬಾಗಿಲು ತೆರೆದು ಬಿಟ್ಟರೆ ಬೇಗ ಹೋಗುತ್ತದೆ, ಅಂಟುವುದಿಲ್ಲ. ಎಲ್‌ಪಿಜಿಯೂ ಗಾಳಿಗಿಂತ ಭಾರ, ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ.

ಗ್ಯಾಸಿನ ವಾಸನೆಗೂ ಹೊತ್ತಿದೆ. ರಾತ್ರಿ ನಿಲ್ಲಿಸಿದ ಗಾಡಿಯ ಹಿಂಬದಿಯಲ್ಲಿ ಬೆಳಗ್ಗೆ ವಾಸನೆ ಇದ್ದರೆ ಟ್ಯಾಂಕಿನ ಮಲ್ಟಿವಾಲ್ವ್ ಕಡೆ ನೋಡಿ. ಅದರ ಮೇಲೆ ಗಾಳಿಯಾಡದ ಪೆಟ್ಟಿಗೆಯೊಂದು ಇರುತ್ತದೆ, ಪೆಟ್ಟಿಗೆಯಿಂದ ದಪ್ಪ ಪೈಪುಗಳು ನೆಲ ತೂರಿ ಹೊರಗೆ ಹೋಗುತ್ತವೆ. ವಾಲ್ವ್ ಸೋರಿದರೂ ಗ್ಯಾಸ್ ಒಳಗೆ ಬಾರದೆ ರಸ್ತೆಗೆ ಇಳಿಯಲಿ ಎಂದು ಈ ಏರ್ಪಾಡು. ಪೆಟ್ಟಿಗೆಯ ಮುಚ್ಚಳ ಸಡಿಲ ಬಿಟ್ಟಿದ್ದರೆ, ಪೈಪಿನ ತುದಿ ಕೆಸರಿನಿಂದ ಮುಚ್ಚಿದ್ದರೆ ಏರ್ಪಾಡು ವ್ಯರ್ಥ. ಅದೇ ಬೆಳಗಿನ ವಾಸನೆ ಮುಂದಿನ ಸೀಟಿನಡಿ ಬಂದರೆ, ಎಂಜಿನ್ ನಿಂತಾಗ ಗ್ಯಾಸ್ ತಡೆಯಬೇಕಾದ ಸೊಲೆನಾಯ್ಡ್ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ವೇಪರೈಸರಿನ ಡಯಾಫ್ರಮ್ ಹರಿದಿದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದು ನೀರಿಗೆ ಗ್ಯಾಸಿನ ವಾಸನೆ ಬಂದಿದ್ದರೆ ವೇಪರೈಸರೇ ಒಳಗೆ ಸೋರಿದೆ. ಪರೀಕ್ಷೆಗೆ ಪಾತ್ರೆ ತೊಳೆಯುವ ಸೋಪಿನ ನೊರೆ, ಒಂದು ಬ್ರಷ್ ಸಾಕು. ಟ್ಯಾಂಕಿನಿಂದ ಹೊರಟು ತಾಮ್ರದ ಪೈಪಿನ ಪ್ರತಿ ನಟ್ಟಿಗೂ ಹಚ್ಚುತ್ತಾ ಬನ್ನಿ. ಗುಳ್ಳೆ ಏಳಲು ಕೆಲವೊಮ್ಮೆ ಒಂದು ನಿಮಿಷ ಬೇಕು, ಹಚ್ಚಿದ ಕೂಡಲೇ ಮುಂದಕ್ಕೆ ಹೋಗಬೇಡಿ. ಕಡ್ಡಿ ಗೀರಿ ನೋಡುವ ‘ತಜ್ಞರು’ ಇನ್ನೂ ಇದ್ದಾರೆ, ಅವರಿಂದ ಗಾಡಿಯನ್ನು ದೂರವಿಡಿ.

ಗ್ಯಾಸ್ ಗಾಡಿಗಳ ಇನ್ನೊಂದು ಚಾಳಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ವರ್ಷಪೂರ್ತಿ ಗ್ಯಾಸಿನಲ್ಲೇ ಓಡಿಸುವಾಗ ಪೆಟ್ರೋಲ್ ಕಡೆಯ ರಬ್ಬರೆಲ್ಲ ಒಣಗಿ ಕೂತಿರುತ್ತದೆ. ಕಾರ್ಬೊರೇಟರಿನ ಬಟ್ಟಲು ಬತ್ತಿ ಅಂಟು ಕಟ್ಟಿರುತ್ತದೆ, ಓ-ರಿಂಗ್ ಸುಕ್ಕುಗಟ್ಟಿರುತ್ತದೆ. ಗ್ಯಾಸ್ ಖಾಲಿಯಾದ ದಿನ ಸ್ವಿಚ್ ಒತ್ತಿ ಪೆಟ್ರೋಲಿಗೆ ಬಂದರೆ ಎಲ್ಲ ಕಡೆಯಿಂದ ಒಟ್ಟಿಗೇ ಜಿನುಗುತ್ತದೆ. ವಾರಕ್ಕೊಮ್ಮೆಯಾದರೂ ಒಂದಷ್ಟು ದೂರ ಪೆಟ್ರೋಲಿನಲ್ಲಿ ಓಡಿಸಿದರೆ ಈ ಖರ್ಚು ತಪ್ಪುತ್ತದೆ. ಕಿಟ್ ಹಾಕುವಾಗ ಪೆಟ್ರೋಲ್ ಪೈಪಿನ ನಡುವೆ ಕೂರಿಸುವ ಸಣ್ಣ ಸೊಲೆನಾಯ್ಡನ್ನೂ ನೋಡಿ. ಅದರ ಎರಡು ತುದಿಯ ಕ್ಲಿಪ್ಪುಗಳೂ ಹಳೇ ಅಪರಾಧಿಗಳೇ.

ಅಡುಗೆ ಸಿಲಿಂಡರ್ ಇಟ್ಟು ಓಡಿಸುವ ಓಮ್ನಿಯ ಸೋರಿಕೆಗೆ ರಿಪೇರಿಯಿಲ್ಲ, ತೆಗೆದುಹಾಕುವುದೊಂದೇ ದಾರಿ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, 14.2 ಕೆಜಿ ಸಿಲಿಂಡರಿನಲ್ಲಿ ವಾಹನದ ಟ್ಯಾಂಕಿನಂತೆ ಶೇ 80ಕ್ಕೆ ತುಂಬುವುದು ನಿಲ್ಲಿಸುವ ವಾಲ್ವ್ ಇಲ್ಲ, ಪೈಪು ಕಿತ್ತುಹೋದರೆ ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆ ಇಲ್ಲ, ಹೊರಗಾಳಿಗೆ ದಾರಿ ಇಲ್ಲ. ಮೋಟರ್ ಇಟ್ಟು ಸಿಲಿಂಡರಿನಿಂದ ಗಾಡಿಗೆ ತುಂಬಿಸುವಾಗ ಆದ ಸ್ಫೋಟಗಳ ಸುದ್ದಿ ಆಗಾಗ ಓದುತ್ತಲೇ ಇರುತ್ತೇವೆ. ಒಪ್ಪಿಗೆ ಪಡೆದ ಕಿಟ್ಟಾದರೆ ಆರ್‌ಸಿಯಲ್ಲಿ ನಮೂದಾಗಿರಬೇಕು, ಟ್ಯಾಂಕನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ದಿನಾಂಕದ ಗುರುತು ಹಾಕಿಸಿರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಓದಬೇಕಾದ್ದು ಆ ಗುರುತನ್ನು.

ಎರಡೂ ಅಲ್ಲದ ವಾಸನೆಗಳೂ ಇವೆ. ಕೊಳೆತ ಮೊಟ್ಟೆಯ ನಾತ ಬಂದು, ಬ್ಯಾಟರಿ ಮುಟ್ಟಿದರೆ ಸುಡುವಂತಿದ್ದರೆ ಅದು ಗ್ಯಾಸ್ ಅಲ್ಲ, ಆಲ್ಟರ್ನೇಟರ್ ಹೆಚ್ಚು ಚಾರ್ಜ್ ಮಾಡುತ್ತಿದೆ. ಹಿಂಬಾಗಿಲು ತೆರೆದಿಟ್ಟು ಪೈಪು, ಗಳ ಸಾಗಿಸುವಾಗ ಮಾತ್ರ ಬರುವ ವಾಸನೆ ಸೈಲೆನ್ಸರಿನದು. ಓಡುವ ವ್ಯಾನಿನ ಚಪ್ಪಟೆ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ಸುತ್ತಿ ಒಳಗೆ ಬರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇದೆ, ತಲೆನೋವು, ಮಂಪರು ಅದರ ಮೊದಲ ಲಕ್ಷಣ.

ರಿಪೇರಿಯ ಬಗ್ಗೆ ಎರಡು ಮಾತು. ಟ್ಯಾಂಕಿನ ಸೂಜಿತೂತಿಗೆ ಬಟ್ಟೆ ಸೋಪು ತಿಕ್ಕುವುದು ನಮ್ಮಲ್ಲಿ ಬಹಳ ಹಳೇ ಉಪಾಯ. ಪೆಟ್ರೋಲಿನಲ್ಲಿ ಸೋಪು ಕರಗುವುದಿಲ್ಲವಾದ್ದರಿಂದ ಗ್ಯಾರೇಜು ಮುಟ್ಟುವಷ್ಟು ಹೊತ್ತು ಅದು ನಿಜಕ್ಕೂ ನಿಲ್ಲುತ್ತದೆ, ಅದನ್ನೇ ಕಾಯಂ ಮಾಡಬಾರದು ಅಷ್ಟೇ. ಟ್ಯಾಂಕಿಗೆ ಬೆಸುಗೆ ಹಾಕಿಸುವಾಗ ‘ಖಾಲಿ ಮಾಡೀವಿ, ಏನಾಗಲ್ಲ’ ಅನ್ನುವವರನ್ನು ನಂಬಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆಲ್ಲ ಆವಿ, ಗಾಳಿ ಎರಡೂ ಇರುತ್ತವೆ. ಬಿಸಿನೀರು, ಸೋಪಿನಿಂದ ಹಲವು ಸಲ ತೊಳೆದು, ತೂತಿನ ಮಟ್ಟದವರೆಗೆ ನೀರು ತುಂಬಿಸಿಯೇ ಕೆಲಸ ಮಾಡುವ ಅನುಭವಿ ರೇಡಿಯೇಟರ್ ಮೇಸ್ತ್ರಿಗೆ ಕೊಡಿ. ಹಳೇ ಕಾರ್ಬೊರೇಟರಿನ ಹಿತ್ತಾಳೆ ನಿಪ್ಪಲ್ ಸಡಿಲವಾಗಿದ್ದರೆ ಬಿಡಿಭಾಗ ಸಿಗುವುದು ಕಷ್ಟ. ಅದನ್ನು ಹರಿಹರಕ್ಕೆ ಒಯ್ಯಿರಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಊರು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ, ಅಳತೆ ಹಿಡಿದು ಹಿತ್ತಾಳೆ ಕಡೆಯುವವರು ಆ ಊರಲ್ಲಿ ಇನ್ನೂ ಸಿಗುತ್ತಾರೆ. ಪೈಪಿಗೆ ವೈರ್ ಸುತ್ತಿ ಬಿಗಿಯುವುದು ಬೇಡ, ಅದು ರಬ್ಬರನ್ನು ಕತ್ತರಿಸುತ್ತದೆ. ಸರಿ ಅಳತೆಯ ಕ್ಲಾಂಪಿಗೆ ಹೆಚ್ಚು ದುಡ್ಡೇನೂ ಆಗುವುದಿಲ್ಲ.

ರಸ್ತೆಯ ನಡುವೆ ವಾಸನೆ ಒಮ್ಮೆಲೇ ಜೋರಾದರೆ ‘ಇನ್ನೇನು ಬಂತು ಹರಿಹರ’ ಎಂದು ಎಳೆಯಬೇಡಿ. ಬದಿಗೆ ಹಾಕಿ, ಕೀಲಿ ತೆಗೆದು, ಎಲ್ಲರನ್ನೂ ಇಳಿಸಿ ಗಾಳಿ ಬರುವ ದಿಕ್ಕಿಗೆ ದೂರ ನಿಲ್ಲಿಸಿ. ಗ್ಯಾಸ್ ಗಾಡಿಯಾದರೆ, ಕೈಗೆ ಸುಲಭವಾಗಿ ಸಿಗುವುದಾದರೆ ಟ್ಯಾಂಕಿನ ವಾಲ್ವ್ ಮುಚ್ಚಿ. ಫೋನ್ ಮಾಡುವುದೇನಿದ್ದರೂ ಅಲ್ಲಿ ದೂರ ನಿಂತು ಮಾಡಿ, 112ಕ್ಕೆ ಕರೆದರೆ ಅಗ್ನಿಶಾಮಕದವರಿಗೂ ತಲುಪುತ್ತದೆ. ಮತ್ತೆ ಸ್ಟಾರ್ಟ್ ಮಾಡಿ ನೋಡುವುದು ಬೇಡ, ಕಟ್ಟಿಕೊಂಡು ಹೋಗಲಿ.

ಕೆಲಸ ಮುಗಿಸಿ ಗಾಡಿ ಬಿಡಿಸಿಕೊಳ್ಳುವಾಗ ಗ್ಯಾರೇಜಿನ ಅಂಗಳದಲ್ಲಿ ಮೂಸಿ ನೋಡಿ ದುಡ್ಡು ಕೊಡಬೇಡಿ. ಆಟೊ ಕಟ್‌ವರೆಗೆ ಪೆಟ್ರೋಲ್ ಹಾಕಿಸಿ, ಮೇಸ್ತ್ರಿಯನ್ನೂ ಕೂರಿಸಿಕೊಂಡು ಹರಿಹರದವರೆಗೆ ಹೋಗಿ, ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ, ಗಾಜು ಏರಿಸಿಟ್ಟು ಆಮೇಲೆ ಬಾಗಿಲು ತೆಗೆಯಿರಿ. ವಾಪಸ್ ಬಂದು ರಾತ್ರಿ ಗಾಡಿಯ ಕೆಳಗೆ ಒಣ ರಟ್ಟು ಹಾಸಿ, ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿ. ಇಷ್ಟೂ ಪರೀಕ್ಷೆಯಲ್ಲಿ ಪಾಸಾದ ಮೇಲೆ ಸೀಟಿನಡಿಯ ಬೀಡಿಂಗ್, ಗೇರ್ ಬುಡದ ರಬ್ಬರ್, ಕಳೆದುಹೋದ ಆ ಎರಡು ಸ್ಕ್ರೂ ಹಾಕಿಸಿ.